ಜುಂಯ್ ಎನ್ನುವ ಪೆಟ್ಟಿಗೆ ಮತ್ತು ನನ್ನ ಬಲಗೈ

ನಮ್ಮ ಓಣಿಯಲ್ಲಿ ಟೆಸ್ಟರ್ ಇರುವ ಮನೆ ನಮ್ಮದೊಂದೇ. ಹಳಿಯಾಳದ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತನಾಗಿರುವ ನನಗೆ ಆ ಟೆಸ್ಟರಿನಿಂದಾಗಿ ಅರ್ಧ ಇಂಜಿನಿಯರ್ ಎಂಬ ಮರ್ಯಾದೆ ತಾನಾಗಿಯೇ ಬಂದಿತ್ತು. ಯಾರದಾದರೂ ಮನೆಯಲ್ಲಿ ಬಲ್ಬು ಹೋದರೆ ನನಗೆ ಕರೆ ಬರುತ್ತದೆ. ನಾನು ಹೋಗಿ, ಟೆಸ್ಟರ್ ಹಚ್ಚಿ, ಗಂಭೀರವಾಗಿ ತಲೆಯಾಡಿಸಿ, ಬಲ್ಬು ಹೋಗಿದೆ ಎಂದು ತೀರ್ಪು ಕೊಡುತ್ತೇನೆ. ಅವರು ಚಹಾ ಕೊಡುತ್ತಾರೆ. ಇಂಥವನ ಮನೆಯ ಹೋಂ ಥಿಯೇಟರ್ ಕೆಟ್ಟರೆ ಹೆದರುವ ಮಾತೇ ಇಲ್ಲ ಎಂದು ನಾನು ನಂಬಿದ್ದೆ.

ಅದು ಕೆಡಬಾರದ ಹೊತ್ತಿನಲ್ಲೇ ಕೆಟ್ಟಿತು. ಮುಂಡಗೋಡದ ಕಡೆ ಹಳ್ಳಿಯೊಂದರಲ್ಲಿರುವ ನಮ್ಮ ಅತ್ತೆ, ಹೆಂಡತಿಯ ಅವ್ವ, ಅಲ್ಲಿನ ಹೆಣ್ಣುಮಕ್ಕಳ ಭಜನಾ ಮಂಡಳಿಯಲ್ಲಿದ್ದಾರೆ. ವರ್ಷಗಟ್ಟಲೆ ಹಿಂದಿನ ಸಾಲಿನಲ್ಲಿ ಕೂತು ತಾಳ ಬಾರಿಸಿದವರಿಗೆ ಈ ಸಲ ಮಠದ ಕಾರ್ಯಕ್ರಮದಲ್ಲಿ ಒಂದು ಪದವನ್ನು ಒಬ್ಬರೇ ಹಾಡುವ ಅವಕಾಶ ಸಿಕ್ಕಿತ್ತು. ಯಾರೋ ಅದನ್ನು ರೆಕಾರ್ಡ್ ಮಾಡಿ ಪೆನ್ ಡ್ರೈವಿಗೆ ಹಾಕಿ ಕೊಟ್ಟಿದ್ದರು. ಅದನ್ನು ತಮ್ಮ ಅಕ್ಕ ಕೇಳಬೇಕು, ಅತ್ತೆಗೆ ಅದೊಂದೇ ಆಸೆ. ಅಕ್ಕ, ಅಂದರೆ ನನ್ನ ಹೆಂಡತಿ ಗಿರಿಜೆಯ ದೊಡ್ಡವ್ವ, ಹಳಿಯಾಳದಲ್ಲೇ ಇದ್ದಾರೆ. ತಂಗಿಯದು ದನಿಯಲ್ಲ, ಗಿರಣಿ ಎಂದು ಚಿಕ್ಕಂದಿನಿಂದಲೂ ಹೇಳುತ್ತ ಬಂದವರು. ಈಗ ಅವರ ಕಿವಿ ಮಂದವಾಗಿದೆ, ಮೊಬೈಲಿನ ಸದ್ದು ಸಾಲುವುದಿಲ್ಲ.

"ನಿಮ್ಮ ಮನ್ಯಾಗಿನ ದೊಡ್ಡ ಪೆಟಿಗಿಗೆ ಹಾಕ್ರಿ ಅಳಿಯಾರ. ಆಕೀಗೆ ಒಂದ್ ಅಕ್ಷರಾನೂ ತಪ್ಪಬಾರದು" ಎಂದು ಅತ್ತೆ ಫೋನಿನಲ್ಲಿ ಹೇಳಿದರು. ನಾನು ಎದೆ ತಟ್ಟಿ ಮಾತು ಕೊಟ್ಟೆ. ದಸರೆ ಮುಗಿದ ಮೇಲೆ ಬರುವ ರವಿವಾರ ನಮ್ಮಲ್ಲಿ ಊಟ, ಊಟದ ನಂತರ ಭಜನೆ ಎಂದು ನಿಶ್ಚಯವಾಯಿತು.

ಆ ರವಿವಾರ ಬೆಳಗ್ಗೆ ಸುಮ್ಮನೆ ಪರೀಕ್ಷೆಗೆಂದು ಹೋಂ ಥಿಯೇಟರಿನ ಆಂಪ್ಲಿಫೈಯರ್ ಪೆಟ್ಟಿಗೆ ಹಚ್ಚಿದೆ. ಜುಂಯ್! ಹಾಡು ಹಾಕಿದೆ. ಹಾಡಿನ ಮೇಲೂ ಜುಂಯ್! ಸದ್ದು ಎಷ್ಟಿತ್ತೆಂದರೆ ಪಕ್ಕದ ಮನೆಯ ಅಂತೋನ ಸಿದ್ದಿ ನಮ್ಮ ಅಂಗಳಕ್ಕೆ ಬಂದು ಮಾಡಿನ ಅಂಚನ್ನೇ ನೋಡುತ್ತ ನಿಂತ. ಅವನು ಗಣೇಶಗುಡಿಯ ಕಡೆ ಅರಣ್ಯ ಗಾರ್ಡ್. ಜೇನು ಎಲ್ಲಿ ಕೂತಿದೆ ಎಂದು ಕೇಳಿದ. ಹಾಲಿನಲ್ಲಿ, ಟಿವಿಯ ಕೆಳಗೆ ಎಂದೆ. ಒಳಗೆ ಬಂದು ಪೆಟ್ಟಿಗೆಯನ್ನು ಕಂಡವನು, "ಇದಕ್ಕ ಹೊಗಿ ಹಾಕಿದ್ರ ನಡಿಯೂದಿಲ್ಲ ಬಿಡ್ರಿ" ಎಂದು ಹೊರಟುಹೋದ.

ನಾನು ಶಾಸ್ತ್ರೋಕ್ತವಾಗಿ ತನಿಖೆ ಆರಂಭಿಸಿದೆ. ಮೊದಲ ಶಂಕೆ ಫ್ರಿಜ್ಜಿನ ಮೇಲೆ. ಅದನ್ನು ಬಂದ್ ಮಾಡಿದೆ. ಆಮೇಲೆ ಫ್ಯಾನು, ಮೋಟಾರು, ಗಿರಿಜೆಯ ಮಿಕ್ಸರು, ಮಿಕ್ಸರಿನ ಒಳಗಿದ್ದ ಅರ್ಧ ರುಬ್ಬಿದ ಮಸಾಲೆ ಸಮೇತ. ಮನೆಯ ಬೇರೆಲ್ಲ ಸದ್ದು ನಿಂತಿದ್ದರಿಂದ ಜುಂಯ್ ಇನ್ನೂ ಸ್ಪಷ್ಟವಾಗಿ ಕೇಳತೊಡಗಿತು!

ಹಾಗಾದರೆ ದೋಷ ಅರ್ಥಿಂಗಿನದೇ ಎಂದು ತೀರ್ಮಾನಿಸಿದೆ. ಹಿತ್ತಲಲ್ಲಿ ಮನೆಯ ಅರ್ಥಿಂಗ್ ತಂತಿ ನೆಲಕ್ಕಿಳಿಯುವ ಗುಂಡಿ ಇದೆ. ಅಲ್ಲಿ ಇದ್ದಿಲು, ಉಪ್ಪು, ನೀರು ಹಾಕಿದರೆ ಅರ್ಥಿಂಗ್ ಗಟ್ಟಿಯಾಗುತ್ತದೆ ಎಂದು ಎಲ್ಲೋ ಕೇಳಿದ್ದೆ. ಇದ್ದಿಲು ಸಿಗಲಿಲ್ಲ. ಅದರ ಕೊರತೆ ಕಾಣದಿರಲೆಂದು ಅಡುಗೆಮನೆಯ ಉಪ್ಪಿನ ಡಬ್ಬಿಯನ್ನು ಪೂರ್ತಿ ಸುರಿದೆ. ಜುಂಯ್ ಒಂದು ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಅಷ್ಟರಲ್ಲಿ ಎಣ್ಣೆಗಾಯಿಗೆ ಒಗ್ಗರಣೆ ಹಾಕಿದ್ದ ಗಿರಿಜೆ, ಉಪ್ಪೆಲ್ಲಿ ಎಂದು ಕೇಳಿದಳು. ಭೂಮಿಗೆ ಅರ್ಪಿಸಿದ್ದೇನೆ ಎಂದು ಗಂಭೀರವಾಗಿ ಹೇಳಿದೆ. ಅವಳು ಸೌಟು ಕೆಳಗಿಟ್ಟು ನೇರ ಹಾಲಿಗೆ ಬಂದಳು.

ಬಂದವಳು ಪೆಟ್ಟಿಗೆಯನ್ನು ಮುಂದಕ್ಕೆ ಎಳೆದು ಬೆನ್ನು ನೋಡಿದಳು. ನಾನು ಇಷ್ಟು ಹೊತ್ತು ನೋಡದಿದ್ದ ಜಾಗ ಅದೊಂದೇ. ವಿಷಯ ಏನೆಂದರೆ, ನಮ್ಮಲ್ಲಿ ದಸರೆಯ ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಕುಡುಗೋಲಿನಿಂದ ಹಿಡಿದು ಹೊಲಿಗೆ ಮಷಿನ್ನಿನವರೆಗೆ ಎಲ್ಲಕ್ಕೂ ವಿಭೂತಿ. ಹೋಂ ಥಿಯೇಟರಿಗೂ ಸಲ್ಲಬೇಕಲ್ಲ! ಆದರೆ ಫಳಫಳ ಹೊಳೆಯುವ ಅದರ ಮುಂಭಾಗವನ್ನು ಕೆಡಿಸಬೇಡಿ ಎಂದು ಗಿರಿಜೆ ತಾಕೀತು ಮಾಡಿದ್ದಳು. ಅದಕ್ಕೇ ನಾನು ಹಿಂದಿನ ವಯರುಗಳನ್ನೆಲ್ಲ ಕಿತ್ತು, ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಿನಿಂದ ಈ ತುದಿಯಿಂದ ಆ ತುದಿಗೆ ಎಳೆದು, ವಯರುಗಳನ್ನು ಭಕ್ತಿಯಿಂದ ಮತ್ತೆ ಸಿಕ್ಕಿಸಿದ್ದೆ. ವಯರಿನ ತೂತುಗಳೆಲ್ಲ ವಿಭೂತಿಯಿಂದ ತುಂಬಿ ಗಟ್ಟಿಯಾಗಿದ್ದವು.

"ಇಭೂತಿ ಹಚ್ಚೂದು ಹಣಿಗೆ ರೀ, ಕಿವ್ಯಾಗಲ್ಲ" ಎಂದಳು ಗಿರಿಜೆ.

ಅಷ್ಟಕ್ಕೇ ಬಿಟ್ಟು, ಒಣ ಬ್ರಶ್ಶಿನಿಂದ ಮೆಲ್ಲಗೆ ಕೆರೆದಿದ್ದರೆ ಸಾಕಿತ್ತು. ನಾನು ಒದ್ದೆ ಬಟ್ಟೆ ತಂದೆ. ಒಣಗಿದ್ದದ್ದು ಅಂಟಾಯಿತು. ತೂತಿನಲ್ಲಿ ಅಂಟಿಕೊಂಡ ವಯರಿನ ತುದಿಯ ಪಿನ್ನನ್ನು ಇಕ್ಕಳದಿಂದ ತಿರುವಿದೆ. ಪಿನ್ನೂ ಬಂತು, ಅದರ ಜೊತೆಗೆ ತೂತಿನ ಸುತ್ತ ಇದ್ದ ಲೋಹದ ಬಳೆಯೂ ಬಂತು! ಗಿರಿಜೆ ಅದನ್ನು ನೋಡಿದಳು, ಖಾಲಿ ಡಬ್ಬಿ ಹಿಡಿದು ಅಂತೋನನ ಮನೆಗೆ ಉಪ್ಪು ತರಲು ಹೋದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಉಳಿದ ತೂತಿಗೇ ಪಿನ್ನು ಒತ್ತಿ ಹಚ್ಚಿದರೆ ಜುಂಯ್ ಎರಡು ಪಟ್ಟು. ಸೋತು, ಪೆಟ್ಟಿಗೆಯನ್ನು ಹಿಂದಕ್ಕೆ ತಳ್ಳಲು ಅದರ ತಗಡಿನ ಮೇಲೆ ಬಲಗೈ ಇಟ್ಟೆ. ಜುಂಯ್ ನಿಂತುಬಿಟ್ಟಿತು. ಕೈ ತೆಗೆದೆ, ಜುಂಯ್. ಇಟ್ಟೆ, ಮೌನ. ಒಂದು ಡಬ್ಬಿ ಉಪ್ಪು ಮಾಡದ ಕೆಲಸವನ್ನು ನನ್ನ ಬಲಗೈ ಮಾಡುತ್ತಿತ್ತು! ಉಪ್ಪು ತಂದ ಗಿರಿಜೆಗೆ, ನನಗೆ ಶಾಕ್ ಹೊಡೆದೀತೆಂಬ ಭಯ. ಟೆಸ್ಟರ್ ಹಚ್ಚಿ ತೋರಿಸಿದೆ, ಅದರ ದೀಪ ಹತ್ತಲಿಲ್ಲ. ಹಾಡು ಮುಗಿಯುವವರೆಗೆ ನಾನು ಕೈ ಇಟ್ಟೇ ನಿಲ್ಲುವುದಕ್ಕೆ ಅವಳು ಅರ್ಧ ಮನಸ್ಸಿನಿಂದ ಒಪ್ಪಿದಳು.

ಮಧ್ಯಾಹ್ನ ಅಕ್ಕತಂಗಿಯರು ಬಂದರು, ಊಟವಾಯಿತು. ಅತ್ತೆ ಮಠಕ್ಕೆ ಉಟ್ಟಿದ್ದ ಇಲಕಲ್ ಸೀರೆಯನ್ನೇ ಉಟ್ಟು ಬಂದಿದ್ದರು. ಅನ್ನವನ್ನು ಕಲಸಿದರೇ ಹೊರತು ಸರಿಯಾಗಿ ಉಣ್ಣಲಿಲ್ಲ. ಹಾಡು ಶುರುವಾಯಿತು. ನಾನು ಪೆಟ್ಟಿಗೆಯ ಮೇಲೆ ಕೈ ಇಟ್ಟು ನಿಂತೆ. ಕೂತುಕೊಳ್ಳಿ ಎಂದು ದೊಡ್ಡವ್ವ ಒತ್ತಾಯಿಸಿದರು. ಭಜನೆಯನ್ನು ನಾನು ಕೂತು ಕೇಳುವುದಿಲ್ಲ ಎಂದೆ. ಈ ಕಾಲದಲ್ಲಿ ಇಂಥ ಅಳಿಯ ಸಿಗುವುದಿಲ್ಲ ಎಂದು ಅವರು ತಂಗಿಯ ಕಡೆ ತಿರುಗಿ ಹೇಳಿದರು.

ಮಂಡಳಿಯ ಪದ ಮುಗಿದು ಅತ್ತೆಯ ಪದ ಬಂತು. ಸುಳ್ಳು ಹೇಳುವುದಿಲ್ಲ, ನನ್ನ ಮೈ ಜುಮ್ಮೆಂದಿತು. ಮನೆಯಲ್ಲಿ ಸೊಪ್ಪು ಸೋಸುತ್ತ ಗುನುಗುವ ಅತ್ತೆ ಇವರೇನಾ ಎನಿಸಿತು. ದೊಡ್ಡವ್ವ ಬಾಯಲ್ಲಿದ್ದ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದರು. ಅತ್ತೆ ಅಕ್ಕನ ಮುಖವನ್ನೇ ನೋಡುತ್ತಿದ್ದರು. ಕೊನೆಯ ನುಡಿಯನ್ನು ಏರುದನಿಯಲ್ಲಿ ಎತ್ತುವ ಮೊದಲು ರೆಕಾರ್ಡಿನಲ್ಲಿ ಜನರೆಲ್ಲ ಹರ ಹರ ಮಹಾದೇವ ಎಂದರು. ಅದು ಕಿವಿಗೆ ಬಿದ್ದರೆ ನಮ್ಮವರ ಕೈ ಕೆಳಗೆ ನಿಲ್ಲುವುದುಂಟೇ? ನಾನು ಎರಡೂ ಕೈ ಮೇಲೆತ್ತಿ ಮಹಾದೇವ ಎಂದೆ.

ಜುಂಯ್!

"ನಾ ಅಂದಿದ್ನಿಲ್ಲ? ಗಿರಣಿ" ಎಂದರು ದೊಡ್ಡವ್ವ.

ಅತ್ತೆಯ ಮುಖ ಸಣ್ಣದಾಯಿತು. ನಾಚಿಕೆಯಿಂದ ನನಗೆ ನೆಲ ಬಿರಿದರೆ ಸಾಕೆನಿಸಿತು. ಗಡಬಡಿಸಿ ಕೈಯನ್ನು ಪೆಟ್ಟಿಗೆಯ ಮೇಲೆ ಅಪ್ಪಳಿಸಿದೆ. ಆ ಹೊಡೆತಕ್ಕೆ ಪಿನ್ನು ಕಳಚಿ ಬಿತ್ತು. ಹಾಡೂ ಇಲ್ಲ, ಜುಂಯ್ ಕೂಡ ಇಲ್ಲ.

ಅತ್ತೆ ಸೆರಗು ಸರಿಮಾಡಿಕೊಂಡರು. ಆಮೇಲೆ ಎದ್ದು ಅಕ್ಕನ ಅಷ್ಟಿಷ್ಟು ಕೇಳುವ ಬಲಗಿವಿಯ ಪಕ್ಕಕ್ಕೆ ಹೋಗಿ ಕೂತರು. "ಆ ಪೆಟಿಗಿ ಬಂದ್ ಮಾಡ್ರಿ ಅಳಿಯಾರ. ನಾ ಇಲ್ಲೇ ಅದೀನಲ್ಲ" ಎಂದರು.

ಹಾಡಿದರು. ಮೊದಲ ನುಡಿಯಿಂದ ಕೊನೆಯ ನುಡಿಯವರೆಗೆ, ಏರುದನಿಯನ್ನೂ ಬಿಡದೆ. ದೊಡ್ಡವ್ವ ಮೊದಲು ತೊಡೆಯ ಮೇಲೆ ತಾಳ ಹಾಕಿದರು, ಕೊನೆಗೆ ಕಣ್ಣೊರೆಸಿಕೊಂಡು, "ಇನ್ನೊಮ್ಮೆ ಅನ್ನು" ಎಂದು ತಂಗಿಯ ಕೈ ಹಿಡಿದರು. ಅತ್ತೆ ಮತ್ತೆ ಹಾಡಿದರು. ನನಗೂ ಕಣ್ಣು ತುಂಬಿ ಬಂತು.

ಎರಡನೆಯ ಸಲವೂ ಮುಗಿದ ಮೇಲೆ ಗಿರಿಜೆ ಎಲ್ಲರಿಗೂ ಚಹಾ ಕೊಟ್ಟು ನನ್ನ ಹತ್ತಿರ ಬಂದಳು.

"ಇನ್ನರ ಪೆಟಿಗಿ ಮ್ಯಾಲಿಂದ ಕೈ ತಗೀರಿ" ಎಂದಳು. "ಅವ್ವ ಜುಂಯ್ ಅನ್ನೂದಿಲ್ಲ."