ಏರಿಯ ಮೇಲೆ ಇಳಿಯಲು ಬಾರದವಳು

ಸೈಕಲ್ ಕಲಿತವರು ಯಾರಿಗೂ ಹೇಳದ ಸತ್ಯ ಒಂದಿದೆ. ಓಡಿಸುವ ವಿದ್ಯೆ ಬೇರೆ, ಇಳಿಯುವ ವಿದ್ಯೆ ಬೇರೆ. ಚಿಕ್ಕಂದಿನಲ್ಲಿ ಕಲಿತವರು ಮಂಡಿ ತರಚಿಕೊಂಡು ಎರಡನ್ನೂ ಒಟ್ಟಿಗೇ ಕಲಿತುಬಿಡುತ್ತಾರೆ. ನಾನು ಕಲಿತದ್ದು ಐವತ್ತೊಂದನೇ ವಯಸ್ಸಿನಲ್ಲಿ, ಅರಸೀಕೆರೆಯ ನಮ್ಮ ಹೈಸ್ಕೂಲಿನ ಮೈದಾನದಲ್ಲಿ, ಮಕ್ಕಳೆಲ್ಲ ಮನೆಗೆ ಹೋದ ಮೇಲೆ. ಕಲಿಸಿದವಳು ನಮ್ಮ ಪಿ.ಟಿ. ಟೀಚರ್ ನಳಿನಾ, ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಓಡಿಸುವುದು ಒಂದು ತಿಂಗಳಲ್ಲಿ ಬಂತು. ಇಳಿಯುವುದು ಇವತ್ತಿಗೂ ಬಂದಿಲ್ಲ. ಕಾಲಿಡಲು ಒಂದು ಕಲ್ಲೋ ಕಟ್ಟೆಯೋ ಸಿಕ್ಕರೆ ಮಹಾರಾಣಿಯ ಹಾಗೆ ಇಳಿಯುತ್ತೇನೆ. ಸಿಗದಿದ್ದರೆ ಸಿಗುವವರೆಗೂ ತುಳಿಯುತ್ತಲೇ ಇರುತ್ತೇನೆ. ಒಮ್ಮೆ ಸೊಪ್ಪು ತರಲು ಹೋದವಳು ಕಟ್ಟೆ ಸಿಗದೆ ಊರಾಚೆಯವರೆಗೂ ಹೋಗಿ ಹಾಗೇ ತಿರುಗಿಸಿಕೊಂಡು ಬಂದಿದ್ದೇನೆ. "ಸೊಪ್ಪೆಲ್ಲಿ?" ಎಂದು ನಮ್ಮ ಯಜಮಾನರು ಕೇಳಿದರು. "ಬಾಡಿಹೋಗಿತ್ತು" ಎಂದೆ.

ಇಂಥವಳನ್ನು ನಳಿನಾ ದಸರಾ ರಜೆಯಲ್ಲಿ ಮೂರು ದಿನದ ಸೈಕಲ್ ಪ್ರವಾಸಕ್ಕೆ ಹೊರಡಿಸಿದಳು. ಮೊದಲ ದಿನ ಜಾವಗಲ್ ಮೇಲೆ ಹಳೇಬೀಡು, ಮರುದಿನ ಕಾಲುವೆಯ ಏರಿ ಹಿಡಿದು ಬೇಲೂರು, ಮೂರನೇ ದಿನ ವಾಪಸ್. ಯಗಚಿ ಹೊಳೆಯ ನೀರನ್ನು ಹಳೇಬೀಡಿನ ಕೆರೆಗೆ ತರಲು ಹೊಯ್ಸಳರು ತೋಡಿಸಿದ ಕಾಲುವೆಯ ಜಾಡು ಅದು ಎಂದು ಆ ಕಡೆಯ ಹಿರಿಯರು ಹೇಳುತ್ತಾರೆ. ನಮ್ಮ ಯಜಮಾನರಿಗೆ ಇತಿಹಾಸ ಬೇಡವಾಗಿತ್ತು. "ಒಂದು ಕಡೆ ನೀರು, ಒಂದು ಕಡೆ ಗದ್ದೆ. ನೀನು ಯಾವ ಕಡೆ ಬೀಳ್ತೀಯ ಅಂತ ಮೊದಲೇ ಯೋಚನೆ ಮಾಡಿಟ್ಕೋ" ಎಂದರು. ನನಗೆ ಸಿಟ್ಟು ಬಂತು. ಆದರೆ ಹೊರಡುವ ಮುಂಚೆ ಯೋಚನೆ ಮಾಡಿಟ್ಟುಕೊಂಡೆ. ಗದ್ದೆ ಎಂದು ತೀರ್ಮಾನಿಸಿದೆ.

ಮೊದಲ ದಿನ ಸುಖವಾಗಿಯೇ ಕಳೆಯಿತು. ಡಾಂಬರು ರಸ್ತೆಯಲ್ಲಿ ಮೈಲಿಗಲ್ಲು, ಬಸ್‌ಸ್ಟ್ಯಾಂಡಿನ ಜಗಲಿ, ಅರಳೀಕಟ್ಟೆ, ಎಲ್ಲವೂ ನನಗಾಗಿಯೇ ಇಟ್ಟಂತಿದ್ದವು. ಎರಡನೇ ದಿನ ಬೆಳಿಗ್ಗೆ ಏರಿ ಹತ್ತಿದೆವು. ಬಲಗಡೆ ಕಾಲುವೆಯಲ್ಲಿ ಕೆಂಪು ನೀರು ತುಂಬಿ ಸದ್ದಿಲ್ಲದೆ ಹೋಗುತ್ತಿತ್ತು. ಎಡಗಡೆ ಭತ್ತದ ಗದ್ದೆ, ಅದರಾಚೆ ತೆಂಗಿನ ತೋಟ. ತಂಪು ಗಾಳಿ ಬೀಸುತ್ತಿತ್ತು. ನಳಿನಾ ಒಂದು ಫರ್ಲಾಂಗು ಮುಂದಿದ್ದಳು. ಇಷ್ಟು ವರ್ಷ ಈ ಸುಖ ನನಗೇಕೆ ಗೊತ್ತಿರಲಿಲ್ಲ ಎಂದುಕೊಂಡು ಹಾಡೊಂದನ್ನು ಗುನುಗಲು ಶುರುಮಾಡಿದ್ದೆ. ಮಾದಿಹಳ್ಳಿಯ ಹತ್ತಿರ ಏರಿ ತಿರುಗುವ ಕಡೆ ನೋಡುತ್ತೇನೆ, ದಾರಿಗೆ ಅಡ್ಡವಾಗಿ ಒಂದು ಹಸು ಮಲಗಿದೆ. ನಳಿನಾ ಸೈಕಲ್ ನಿಲ್ಲಿಸಿ ಅದರ ಪಕ್ಕದಲ್ಲಿ ಕೂತಿದ್ದಾಳೆ. ಅರವತ್ತೈದು ದಾಟಿದ ಒಬ್ಬ ಹೆಂಗಸು ಹಸುವಿನ ಬೆನ್ನು ಸವರುತ್ತಿದ್ದಾಳೆ.

"ನಿಲ್ಲಿ ಮೇಡಂ" ಎಂದಳು ನಳಿನಾ.

ಸುತ್ತ ಎಲ್ಲೂ ಒಂದು ಕಲ್ಲಿರಲಿಲ್ಲ. ತೀರ್ಮಾನ ಮೊದಲೇ ಆಗಿತ್ತಲ್ಲ, ಹ್ಯಾಂಡಲನ್ನು ಎಡಕ್ಕೆ ತಿರುಗಿಸಿದೆ. ಸೈಕಲ್ ಇಳಿಜಾರಿನಲ್ಲಿ ಉಳಿಯಿತು, ನಾನು ಗದ್ದೆಯ ಕೆಸರಿನಲ್ಲಿ ಸೊಂಟದವರೆಗೂ ಕೂತೆ, ಮುಖಕ್ಕೂ ಎರಚಿತು. ಆ ಹೆಂಗಸು ಒಮ್ಮೆ ತಿರುಗಿ ನೋಡಿ, "ಏಟಾಗಿಲ್ಲ ತಾನೆ ತಾಯಿ? ಹಂಗಾರೆ ಬಿರ್ರನೆ ಮ್ಯಾಕ್ ಬಾ. ಇಲ್ಲಿ ಕೈ ಬೇಕಾಗೈತೆ" ಎಂದಳು. ನನ್ನ ಬೀಳುವಿಕೆಗೆ ಇಷ್ಟು ಕಡಿಮೆ ಮರ್ಯಾದೆ ಯಾರೂ ಕೊಟ್ಟಿರಲಿಲ್ಲ.

ಅವಳ ಹೆಸರು ದೇವೀರಮ್ಮ. ಏರಿಯ ಮೇಲೆ ಹಸು ಮೇಯಿಸಲು ಬಂದಿದ್ದಳು. ದಿನ ತುಂಬಲು ಇನ್ನೂ ವಾರವಿದೆ ಎಂದುಕೊಂಡಿದ್ದಾಗಲೇ ಹಸುವಿಗೆ ನೋವು ಶುರುವಾಗಿತ್ತು. ಕರುವಿನ ಎರಡು ಗೊರಸು ಹೊರಗೆ ಕಾಣುತ್ತಿದ್ದವು, ಅಲ್ಲಿಂದ ಮುಂದಕ್ಕೆ ಬರುತ್ತಿರಲಿಲ್ಲ. ದನದ ಡಾಕ್ಟರಿಗೆ ನಳಿನಾ ಫೋನ್ ಮಾಡಿದಳು. ಅವರು ಬೇರೆ ಹಳ್ಳಿಯಲ್ಲಿದ್ದರು, ಬರಲು ಒಂದು ಗಂಟೆಯಾದರೂ ಬೇಕಿತ್ತು. "ಅಷ್ಟೊತ್ತು ತಡೆಯಕಿಲ್ಲ ಕಣವ್ವ. ಹೋದ ಸಲದ ಕರು ಉಳೀಲಿಲ್ಲ. ಮೂರು ದಿನ ಕೂಗ್ತು ಇದು" ಎಂದಳು ದೇವೀರಮ್ಮ.

ನನ್ನ ವೇಲನ್ನು ಅವಳೇ ಎಳೆದುಕೊಂಡು ಆ ಕಾಲುಗಳಿಗೆ ಕಟ್ಟಿದಳು. ಒಂದು ತುದಿ ನಳಿನಾಗೆ, ಒಂದು ತುದಿ ನನಗೆ. "ಅದು ಮುಕ್ಕಿದಾಗ ಎಳೀರಿ. ಸುಮ್ನಾದಾಗ ನೀವೂ ಸುಮ್ಕಿರಿ. ಆತ್ರ ಬ್ಯಾಡ." ಮೂವತ್ತು ವರ್ಷ ಮಕ್ಕಳಿಗೆ ವ್ಯಾಕರಣ ಕಲಿಸಿದ ನನಗೆ ಇಷ್ಟು ಸ್ಪಷ್ಟವಾಗಿ ಪಾಠ ಹೇಳಲು ಬಂದಿಲ್ಲ. ಹಸು ತಿಣುಕಿ ಮುಕ್ಕಿತು, ಎಳೆದೆವು. ಸುಮ್ಮನಾಯಿತು, ಸುಮ್ಮನಾದೆವು. ಎಷ್ಟು ಸಲವೋ ಲೆಕ್ಕವಿಲ್ಲ. ಕೊನೆಗೊಮ್ಮೆ ವೇಲು ಸಡಿಲವಾಗಿ ನಾನು ಹಿಂದಕ್ಕೆ ಬಿದ್ದೆ. ಕರು ಹುಲ್ಲಿನ ಮೇಲೆ ಜಾರಿತ್ತು.

ಆದರೆ ಅದು ಅಲ್ಲಾಡಲಿಲ್ಲ. ದೇವೀರಮ್ಮ ಅದರ ಬಾಯಿ ಮೂಗಿನ ಲೋಳೆಯನ್ನು ಸೆರಗಿನಿಂದ ಒರೆಸಿ, ಮೈ ಉಜ್ಜಿ, ಒಂದು ಹುಲ್ಲುಕಡ್ಡಿ ಕಿತ್ತು ಮೂಗಿನ ಹೊಳ್ಳೆಗೆ ತೂರಿಸಿದಳು. "ಉಸ್ರು ಬಿಡೋ ನಮ್ಮಪ್ಪ" ಎಂದು ಮೆಲ್ಲಗೆ ಹೇಳುತ್ತಲೇ ಇದ್ದಳು. ನಳಿನಾ ನನ್ನ ಕೈ ಹಿಡಿದಿದ್ದಳು. ಆಮೇಲೆ ಕರು ಸೀನಿತು. ತಲೆ ಕೊಡವಿ ಮತ್ತೊಮ್ಮೆ ಸೀನಿತು. ಹಸು ಎದ್ದು ನಿಂತು ಅದನ್ನು ನೆಕ್ಕಲು ಶುರುಮಾಡಿತು. ದೇವೀರಮ್ಮ ಅಲ್ಲೇ ಕೂತು ಅತ್ತಳು, ನಾವೂ ಅತ್ತೆವು. ನನ್ನ ಮುಖದ ಮೇಲಿದ್ದ ಕೆಸರಿನಿಂದಾಗಿ ನನ್ನ ಅಳು ಮಾತ್ರ ಯಾರಿಗೂ ಕಾಣಲಿಲ್ಲ.

ಬೇಲೂರಿಗೆ ನಾವು ಹೋಗಲಿಲ್ಲ. ಕರುವನ್ನು ನಳಿನಾ ಹೆಗಲ ಮೇಲೆ ಹೊತ್ತಳು, ಎರಡು ಸೈಕಲ್ಲುಗಳನ್ನು ನಾನು ತಳ್ಳಿದೆ, ಹಸು ಕೂಗುತ್ತ ಹಿಂದೆ ಬಂತು. ಡಾಕ್ಟರು ದೇವೀರಮ್ಮನ ಮನೆಗೇ ಬಂದು, ತಾಯಿ ಮಗು ಎರಡೂ ಚೆನ್ನಾಗಿವೆ ಎಂದರು. ಅವಳು ನನಗೆ ಉಡಲು ತನ್ನ ಸೀರೆ ಕೊಟ್ಟಳು, ಬಿಸಿ ಮುದ್ದೆ ಬಡಿಸಿದಳು. "ಗಿಣ್ಣ ತಿನ್ನದೆ ಹೋದ್ರೆ ಹಸ ಬೇಜಾರ್ ಮಾಡ್ಕತದೆ" ಎಂದು ಆ ರಾತ್ರಿ ಅಲ್ಲೇ ಉಳಿಸಿಕೊಂಡಳು. ಬೇಜಾರು ಮಾಡಿಕೊಳ್ಳುವವಳು ಯಾರು ಎಂಬುದು ನಮಗೂ ತಿಳಿಯಿತು, ಉಳಿದೆವು.

ರಜೆ ಮುಗಿದು ಶಾಲೆ ಶುರುವಾದಾಗ ನಾನು ಸ್ಟಾಫ್ ರೂಮಿನಲ್ಲಿ ಸುಮ್ಮನಿರಬೇಕಿತ್ತು. ಇರಲಿಲ್ಲ. "ಹಸುವಿನ ಹೆರಿಗೆ ಮಾಡಿಸಿದೆ" ಎಂದುಬಿಟ್ಟೆ. ವಿಜ್ಞಾನದ ಮೇಷ್ಟ್ರಿಗೆ ಖುಷಿಯಾಗಿ, "ನಮ್ಮ ಎಂಟನೇ ಕ್ಲಾಸಿಗೆ ಒಂದು ಪೀರಿಯಡ್ ಹೇಳಿ ಮೇಡಂ" ಎಂದರು. ಹೋದೆ. ಗದ್ದೆಯ ವಿಷಯ ಬಿಟ್ಟು ಉಳಿದದ್ದನ್ನೆಲ್ಲ ಕೈ ಬೀಸಿ ವರ್ಣಿಸಿದೆ. ಗಂಡಸಿ ಊರಿನ ಕಡೆಯಿಂದ ಬರುವ ಹುಡುಗಿಯೊಬ್ಬಳು ಎದ್ದು ನಿಂತು, "ಮುಂಗಾಲು ಬಂದಿತ್ತಾ ಹಿಂಗಾಲಾ ಮಿಸ್? ಹಿಂಗಾಲು ಮುಂಚೆ ಬಂದ್ರೆ ತುಂಬಾ ಕಷ್ಟ ಐತೆ" ಎಂದಳು.

ವೇಲಿನ ತುದಿ ಕೈಗೆ ಸಿಕ್ಕ ಕ್ಷಣದಿಂದ ಬಿದ್ದೇಳುವವರೆಗೂ ನಾನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದೆ ಎಂದು ಇಡೀ ಕ್ಲಾಸಿನ ಮುಂದೆ ಹೇಗೆ ಹೇಳಲಿ? "ನೀನೇ ಬಾಮ್ಮ, ನಿಮ್ಮ ಮನೇಲಿ ಹೇಗೆ ಅಂತ ಎಲ್ಲರಿಗೂ ಹೇಳು" ಎಂದು ಚಾಕ್‌ಪೀಸನ್ನು ಅವಳ ಕೈಗೆ ಕೊಟ್ಟು ಹಿಂದಿನ ಬೆಂಚಿನಲ್ಲಿ ಕುಳಿತೆ. ಅವಳು ಬೋರ್ಡಿನ ಮೇಲೆ ಚಿತ್ರ ಬರೆದು ಬಹಳ ಚೆನ್ನಾಗಿ ಹೇಳಿದಳು. ನಾನು ನೋಟ್ಸ್ ಬರೆದುಕೊಂಡೆ.