ಮೂಲೆಗೆ ಅರಿಶಿನ ಬಿದ್ದ ಪೆಂಟೆಕೋಸ್ಟ್ ಕಾರ್ಡು

ನನಗೆ ಸಿಟ್ಟು ಬರುವುದು ಸುಲಭ. ಬಂದ ಸಿಟ್ಟು ನ್ಯಾಯವಾದದ್ದೆಂದು ಸಾಧಿಸುವುದು ಇನ್ನೂ ಸುಲಭ. ಮೊನ್ನೆಯ ಸಿಟ್ಟಂತೂ ನೂರಕ್ಕೆ ನೂರು ನ್ಯಾಯವಾದದ್ದೆಂದು ನಾನು ಸಂಜೆಯವರೆಗೂ ನಂಬಿದ್ದೆ.

ನಮ್ಮೂರು ಹ್ಯಾಂಡ್‌ಪೋಸ್ಟಿನಲ್ಲಿ ಪಕ್ಕದ ಮನೆಯ ಫಿಲೋಮಿನಾ ಟೀಚರ್ ಹತ್ತಿರ ಹಳೇ ಕಾಲದ ಒಂದು ಪೆಂಟೆಕೋಸ್ಟ್ ಕಾರ್ಡಿದೆ. ಈಸ್ಟರ್ ಆದ ಐವತ್ತನೇ ದಿನಕ್ಕೆ ಬರುವ, ಪವಿತ್ರಾತ್ಮ ಇಳಿದುಬಂದ ಹಬ್ಬವಂತೆ ಅದು. ಕ್ರಿಸ್‌ಮಸ್ ಕೇಕು ತಿಂದರೆ ಕ್ರೈಸ್ತರ ಹಬ್ಬಗಳೆಲ್ಲ ಮುಗಿದವೆಂದುಕೊಂಡಿದ್ದ ನನಗೆ ಅವರೇ ಹೇಳಿಕೊಟ್ಟದ್ದು. ಕಾರ್ಡಿನ ಮುಂದೆ ಬಿಳಿ ಪಾರಿವಾಳ, ಕೆಳಗೆ ಪುಟ್ಟ ಪುಟ್ಟ ಬೆಂಕಿಯ ನಾಲಿಗೆಗಳು. ಹಿಂದೆ, ಅವರ ತಂದೆ ಮದುವೆಗೆ ಮುಂಚೆ ತಾಯಿಗೆ ಶಾಯಿಯಲ್ಲಿ ಬರೆದ ಎರಡು ಸಾಲು. ತಂದೆಯ ಕೈಬರಹವೆಂದು ಟೀಚರ್ ಹತ್ತಿರ ಉಳಿದಿದ್ದದ್ದು ಅಷ್ಟೇ. ಯಾರ ಕೈಗೂ ಕೊಡದ ಅದನ್ನು ನಾನು ಗೋಗರೆದು ಮನೆಗೆ ತಂದಿದ್ದೆ. ಪಾರಿವಾಳದ ಫೋಟೊ ಹೊಡೆದು ಸ್ಟೇಟಸ್ಸಿಗೆ ಹಾಕಿ ಊರಿಗೆಲ್ಲ ನನ್ನ ವಿಶಾಲ ಹೃದಯ ತೋರಿಸುವ ಚಪಲ.

ಫೋಟೊ ಹೊಡೆದು, ಕಾರ್ಡನ್ನು ಟಿ.ವಿ. ಪಕ್ಕ ಇಟ್ಟು ಸ್ನಾನ ಮಾಡಿ ಬರುವಷ್ಟರಲ್ಲಿ ಅದರ ನಾಲ್ಕು ಮೂಲೆಗೂ ಅರಿಶಿನ ಬಿದ್ದಿತ್ತು! ಹೆಂಡತಿ ಜಯಮ್ಮನನ್ನು ಕೇಳಿದರೆ, ಕೇಳಿದ್ದಕ್ಕೇ ಅವಳಿಗೆ ಆಶ್ಚರ್ಯ.

"ಅಬ್ಬದ್ ಕಾಗ್ದವ ಬರೀ ಮೂಲೇಲಿ ಒಳಿಕ್ಕೆ ತಂದ್‌ಬುಟ್ಟಿದ್ರಲ್ಲ, ಅದೇನ್ ತಿಥಿ ಕಾರ್ಡಾ? ಬೆಂಕಿ ಚಿತ್ರ ಬ್ಯಾರೆ. ಅದ್ಕೇ ಅರಿಶ್ನ ಅಚ್ದೆ ಕಣ್ರೀ."

ನಾನು ಕೆಂಡವಾದೆ. ಪರರ ವಸ್ತು, ಪರರ ಧರ್ಮ, ಹಳೇ ಕಾಗದದ ಸೂಕ್ಷ್ಮ, ಎಲ್ಲದರ ಮೇಲೂ ಭಾಷಣ ಬಿಗಿದೆ. ಅವಳು ತಲೆ ಬಗ್ಗಿಸಿ ಸೊಪ್ಪು ಬಿಡಿಸುತ್ತಲೇ ಇದ್ದಳು. ಇಂಥ ಕೆಲಸವನ್ನು ತಿಳಿದವರೇ ಮಾಡಬೇಕೆಂದು ಸಾರಿ, ಕಾರ್ಡನ್ನು ಪಾರಿವಾಳ ಮೇಲೆ ಬರುವಂತೆ ಒದ್ದೆ ಟವೆಲ್ಲಿನ ಮೇಲೆ ಮಲಗಿಸಿ, ಸೋಪು ನೀರಿನ ಹತ್ತಿಯಿಂದ ಮೂಲೆಗಳನ್ನು ಉಜ್ಜಿದೆ. ಅರಿಶಿನ ಹೋಗಲಿಲ್ಲ, ಕೆಂಪಾಯಿತು. ಫ್ಯಾನಿನ ಕೆಳಗೆ ಒಣಗಿಸಿ, ತಪ್ಪೆಲ್ಲ ಹೆಂಡತಿಯದೆಂದು ಹೇಳಲು ಸಿದ್ಧನಾಗಿ ಹೊರಟೆ.

ಹೇಳಿದೆ ಕೂಡ. ಟೀಚರ್ ಕೆಂಪು ಮೂಲೆಗಳನ್ನು ಸವರಿ ನಕ್ಕರು. ನಮ್ಮ ಮನೆಯ ಮದುವೆ ಕಾಗದಕ್ಕೂ ಹಚ್ಚುತ್ತಿದ್ದೆವು, ಜಯಮ್ಮ ಶುಭವನ್ನೇ ಮಾಡಿದ್ದಾರೆ ಅಂದರು. ಆಮೇಲೆ ಕಾರ್ಡನ್ನು ತಿರುಗಿಸಿದರು. ಎರಡು ಸಾಲಿದ್ದ ಕಡೆ ಒಂದು ನೀಲಿ ಕಲೆ ಇತ್ತು.

"ಅರಿಶಿನ ಇರ್ಲಿ ಸಾರ್. ನಮ್ಮಪ್ಪನ ಅಕ್ಷರ ಯಾರು ತೊಳೆದಿದ್ದು?"

ನಾನೇ ತೊಳೆದದ್ದು ಅಂದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಆ ಕಲೆಯನ್ನು ಬೆಳಕಿಗೆ ಹಿಡಿದು ಓದಲು ನೋಡುತ್ತಿದ್ದರು.

ಮನೆಗೆ ಬಂದರೆ ಜಯಮ್ಮ ಬಾಗಿಲಲ್ಲೇ ಅಳುಕುತ್ತ ನಿಂತಿದ್ದಳು. ಅರಿಶಿನಕ್ಕೆ ಟೀಚರ್ ಏನಾದರೂ ಅಂದರಾ ಎಂದು ಕೇಳಿದಳು. ಏನೂ ಅನ್ನಲಿಲ್ಲ ಎಂದೆ.

"ಮತ್ಯಾಕೆ ಒತ್ತಾರೆಯಿಂದ ನನ್ನ ಅಂಗೆ ಬೈದ್ರಿ?"

ನನಗೆ ಮತ್ತೆ ರೇಗಿತು. ಆದರೆ ಈ ಸಲ ಬೈಯೋಣವೆಂದರೆ ಮನೆಯಲ್ಲಿ ನನ್ನನ್ನು ಬಿಟ್ಟು ಯಾರೂ ಸಿಗಲಿಲ್ಲ.