ಏಳನೇ ಖೋಲಿಯ ಬಾಯಾರಿಗೆ ದೇವಿಯ ಅಪ್ಪಣೆ

ನನ್ನ ಕೋಣೆಗೆ ಜನ ಅಳುತ್ತ ಬರುತ್ತಾರೆ, ನಗುತ್ತ ಹೋಗುತ್ತಾರೆ. ಇದು ನನ್ನ ಕೈಗುಣ ಅಂತ ಬಹಳ ದಿನ ತಿಳಿದಿದ್ದೆ. ಅವರು ನನ್ನನ್ನು ನೋಡಿ ನಗುತ್ತಿದ್ದರು ಅಂತ ಗೊತ್ತಾಗಲು ಒಂದು ವರ್ಷ ಬೇಕಾಯಿತು.

ನಾನು ರಾಯಬಾಗದ ಕಡೆಯ ಒಂದು ಸರಕಾರಿ ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕಿ. ಈ ಹೆಸರನ್ನು ಪೂರ್ತಿ ಹೇಳುವಷ್ಟರಲ್ಲಿ ಎದುರಿಗಿದ್ದವರು ಎದ್ದು ಹೋಗುತ್ತಾರೆ. ಹಾಗಾಗಿ ಜನರೇ ಅದನ್ನು ತಮ್ಮ ಬಾಯಿಗೆ ಒಗ್ಗಿಸಿಕೊಂಡು ‘ಏಳನೇ ಖೋಲಿ ಬಾಯಾರು’ ಅಂತ ಮಾಡಿಕೊಂಡಿದ್ದಾರೆ. ಖೋಲಿ ಅಂದರೆ ಕೋಣೆ, ಬಾಯಾರು ಅಂದರೆ ಮೇಡಂ. ಮನಸ್ಸಿಗೆ ನೋವಾದವರ ಮಾತು ಕೇಳುವುದು ನನ್ನ ಕೆಲಸ. ಪಕ್ಕದ ಆರನೇ ಖೋಲಿಯಲ್ಲಿ ಮಾನಸಿಕ ರೋಗದ ಡಾಕ್ಟರು ಕೂರುತ್ತಾರೆ. ಅವರದು ಗುಳಿಗೆ, ನನ್ನದು ಮಾತು.

ಮೊದಲು ನೀವು ಹೇಳ್ರಿ

ಸದಲಗಾದಲ್ಲಿ ನಮ್ಮ ಅವ್ವ ತೀರಿಕೊಂಡು ಆಗ ಮೂರು ತಿಂಗಳಾಗಿತ್ತು. ದಿನಕರ್ಮ ಮುಗಿದ ಮರುದಿನವೇ ನಾನು ಕೆಲಸಕ್ಕೆ ಹಾಜರಾಗಿದ್ದೆ. ಒಂದು ಹನಿ ಅತ್ತಿರಲಿಲ್ಲ. ದುಃಖವನ್ನು ಹೇಗೆ ನಿಭಾಯಿಸಬೇಕು ಅಂತ ಪರೀಕ್ಷೆ ಬರೆದು ಪಾಸಾದವಳು, ನನಗೇನಾಗಬೇಕು ಅಂತ ಜಂಬ. ನಿದ್ದೆ ಮಾತ್ರ ಬರುತ್ತಿರಲಿಲ್ಲ, ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕೇಳಿದ ಗಂಡನಿಗೆ ಆಸಿಡಿಟಿ ಅಂದಿದ್ದೆ.

ಆಗಲೇ ತೆಲಸಂಗದಲ್ಲಿ ನಮ್ಮ ಆಸ್ಪತ್ರೆಯಿಂದ ಮಾನಸಿಕ ಆರೋಗ್ಯದ ಒಂದು ಶಿಬಿರ. ಒಂದು ತಾಸು ಮಾತಾಡಿದೆ. ನೋವು ಮುಚ್ಚಿಡಬೇಡಿ, ನಾಚಿಕೆ ಬಿಡಿ, ಬಾಯಿ ಬಿಟ್ಟು ಹೇಳಿ ಅಂದೆ. ಕೊನೆಗೆ, “ಇಲ್ಲಿ ಯಾರಿಗೆ ಮನಸ್ಸಿಗೆ ಬ್ಯಾಸರ ಐತಿ, ಕೈ ಎತ್ತರಿ” ಅಂದೆ.

ಒಂದು ಕೈಯೂ ಏಳಲಿಲ್ಲ. ಮುಂದೆ ಕೂತಿದ್ದ ಹಿರಿಯರೊಬ್ಬರು ಟೋಪಿ ಸರಿಮಾಡಿಕೊಂಡು, “ಬಾಯಾರ, ಮೊದಲು ನೀವು ಹೇಳ್ರಿ. ಆಮ್ಯಾಲ ನಾವು ಹೇಳತೇವಿ” ಅಂದರು.

“ನನಗೇನೂ ಇಲ್ರಿ. ನಾ ಆರಾಮ ಅದೀನಿ,” ಅಂದೆ.

ಹಿರಿಯರು ಹಿಂದೆ ತಿರುಗಿ ಮಂದಿಯನ್ನೆಲ್ಲ ಒಮ್ಮೆ ನೋಡಿದರು.

“ನಾವೂ ಹಂಗ ಅದೇವ್ರಿ. ಚಾ ತರಸ್ರಿ.”

ಅವ್ವನ ಚಂಚಿ

ಅವ್ವನ ಸಾಮಾನಿನಲ್ಲಿ ನಾನು ತಂದದ್ದು ಒಂದೇ, ಅವಳ ಎಲೆ ಅಡಿಕೆಯ ಬಟ್ಟೆ ಚೀಲ, ಚಂಚಿ. ಸುಣ್ಣದ ಡಬ್ಬಿ, ಅಡಕೊತ್ತು, ನಿಪ್ಪಾಣಿ ತಂಬಾಕು, ಎಲ್ಲ ಅವಳು ಬಿಟ್ಟು ಹೋದ ಹಾಗೆಯೇ ಇತ್ತು. ಮನೆಯಲ್ಲಿಟ್ಟರೆ ಕಣ್ಣಿಗೆ ಬೀಳುತ್ತದೆ, ಬಿಸಾಕಲು ಮನಸ್ಸಿಲ್ಲ. ಆಫೀಸಿನ ಡ್ರಾವರಿನಲ್ಲಿ ಫಾರಂಗಳ ಕೆಳಗೆ ಇಟ್ಟು ಅದರ ಮೇಲೆ ‘ತಂಬಾಕು ಬಿಡಿ’ ಅನ್ನುವ ಕರಪತ್ರ ಮುಚ್ಚಿದ್ದೆ.

ಒಬ್ಬ ಟ್ರ್ಯಾಕ್ಟರ್ ಡ್ರೈವರ್ ತಂಬಾಕು ಬಿಡಬೇಕು ಅಂತ ತಾನಾಗಿಯೇ ಬಂದ. ಅಂಥವರು ಬರುವುದೇ ಅಪರೂಪ. ಹುರುಪಿನಿಂದ ಅರ್ಧ ತಾಸು ಬೋಧನೆ ಮಾಡಿ, ಫಾರಂ ತೆಗೆಯಲು ಡ್ರಾವರ್ ಎಳೆದೆ. ಸಿಕ್ಕಿಕೊಂಡಿತ್ತು. ಜೋರಾಗಿ ಎಳೆದೆ. ಚಂಚಿ ಹಾರಿ ಅವನ ತೊಡೆಯ ಮೇಲೆ ಬಿತ್ತು. ಬಾಯಿ ಬಿಚ್ಚಿ ತಂಬಾಕು ಅವನ ಪ್ಯಾಂಟಿನ ಮೇಲೆಲ್ಲ ಚೆಲ್ಲಿತು.

ಅವನು ತಂಬಾಕು ನೋಡಿದ, ಗೋಡೆಯ ಮೇಲಿನ ಪೋಸ್ಟರ್ ನೋಡಿದ, ನನ್ನ ಮುಖ ನೋಡಿದ.

“ಇದು ನಂದಲ್ಲ. ನಮ್ಮ ಅವ್ವಂದು,” ಅಂದೆ.

ಅವನು ಒಂದೊಂದು ಎಳೆಯನ್ನೂ ಆರಿಸಿ ಚಂಚಿಗೆ ತುಂಬಿ, ದಾರ ಬಿಗಿದು, ಬಹಳ ಮರ್ಯಾದೆಯಿಂದ ನನ್ನ ಕೈಗಿಟ್ಟ.

“ಇರ್ಲಿ ತಗೋರಿ ಬಾಯಾರ. ನಾನೂ ಐದ ವರ್ಷ ನಮ್ಮ ಅಪ್ಪಂದು ಅಂತ ಹೇಳೇನಿ.”

ಅಜ್ಜಿಯ ತನಿಖೆ

ಅಲಖನೂರಿನ ಒಬ್ಬ ಅಜ್ಜಿ. ಗಂಡ ಹೋದ ಮೇಲೆ ಎದೆಯಲ್ಲಿ ಕಲ್ಲು ಇಟ್ಟ ಹಾಗಾಗಿದೆ, ನಿದ್ದೆಯಿಲ್ಲ ಅಂತ ಬಂದಿದ್ದಳು. ಹೃದಯ ನೆಟ್ಟಗಿತ್ತು. ಆರನೇ ಖೋಲಿಯ ಡಾಕ್ಟರು ಗುಳಿಗೆ ಬರೆದು ನನ್ನ ಕಡೆ ಕಳಿಸಿದರು. ಹದಿನೈದು ದಿನ ಬಿಟ್ಟು ಕೇಳಿದರೆ ಒಂದೂ ನುಂಗಿಲ್ಲ.

“ದೇವಿ ಅಪ್ಪಣಿ ಆಗಬೇಕಲ್ರಿ,” ಅಂದಳು. ಅವರೂರಲ್ಲಿ ದೇವಿಯ ಮೂರ್ತಿಗೆ ಹೂ ಅಂಟಿಸಿ ಕೇಳುತ್ತಾರೆ. ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಬೇಡ.

ನನಗೆ ಸಿಟ್ಟು ಬಂತು. “ಕಾಲು ಮುರದ್ರ ಹೂ ಕೇಳಿ ಬರತೀರೇನಬೇ? ಮನಸ್ಸಿಗೆ ಅಷ್ಟ ಯಾಕ ಅಪ್ಪಣಿ?” ಅಂತ ದಬಾಯಿಸಿದೆ. ಅಜ್ಜಿ ತಲೆ ಅಲ್ಲಾಡಿಸಿ ಹೋದಳು.

ಮುಂದಿನ ತಿಂಗಳು ಬಂದಾಗ ಮುಖದಲ್ಲಿ ಕಳೆ ಇತ್ತು. ಗುಳಿಗೆ ತಪ್ಪದೆ ನುಂಗುತ್ತಿದ್ದಳು, ನಿದ್ದೆ ಬರುತ್ತಿತ್ತು. ನಾನು ಬೀಗಿ, “ನೋಡಿದ್ರ್ಯಾ, ನನ್ನ ಮಾತು ಕೇಳಿದ್ದಕ್ಕ ಆರಾಮ ಆತು,” ಅಂದೆ.

“ಮಾತಿಗಲ್ರಿ. ಗುಳಗಿ ದೇವಿ ಮುಂದಿಟ್ಟು ಕೇಳಿದೆ. ಹೂ ಪಟ್ನ ಬಲಕ್ಕ ಬಿತ್ತು.” ಏಳಲು ಹೋದವಳು ಮತ್ತೆ ಕೂತು ಹೇಳಿದಳು, “ನಿಮ್ಮ ಬಗ್ಗೆನೂ ಕೇಳಿದೆ. ಆ ಬಾಯಾರ ಮಾತಿನಿಂದ ಏನರ ಉಪಯೋಗ ಐತೇನು ಅಂತ.”

“ಏನಾತು?” ಅಂದೆ. ಆಸೆ ಯಾರನ್ನು ಬಿಟ್ಟಿದೆ.

“ಪೂಜಾರಿ ಊಟಕ್ಕ ಹೋಗೂತನಾ ಕುಂತೆ. ಎಡಕ್ಕೂ ಬೀಳಲಿಲ್ಲ, ಬಲಕ್ಕೂ ಬೀಳಲಿಲ್ಲ.”

ನನ್ನ ಸರದಿ

ಆ ಹೊತ್ತಿಗೆ ಅವ್ವ ಹೋಗಿ ಹತ್ತಿರ ಹತ್ತಿರ ವರ್ಷ. ನನ್ನ ಸೀರೆಯ ಕುಪ್ಪಸಗಳೆಲ್ಲ ಸಡಿಲವಾಗಿದ್ದವು. ಕೋಣೆಯಲ್ಲಿ ಕೂತವರು ಅತ್ತರೆ ಕಿವಿಗೆ ಕೇಳಿಸುತ್ತಿರಲಿಲ್ಲ, ತುಟಿ ಅಲ್ಲಾಡುವುದು ಮಾತ್ರ ಕಾಣುತ್ತಿತ್ತು. ಈ ಕೆಲಸ ಇನ್ನು ನನ್ನಿಂದ ಆಗುವುದಿಲ್ಲ ಅಂತ ಹೆದರಿಕೆ ಹತ್ತಿತ್ತು. ಪಕ್ಕದ ಖೋಲಿಯ ಬಾಗಿಲು ಬಡಿಯಲು ನಾಚಿಕೆ. ಆರಕ್ಕೂ ಏಳಕ್ಕೂ ನಡುವೆ ಇರುವುದು ಒಂದೇ ಗೋಡೆ.

ಅಜ್ಜಿ ಒಂದು ದಿನ ತನ್ನ ಮಾತು ಅರ್ಧಕ್ಕೆ ನಿಲ್ಲಿಸಿ, “ನಿಮಗ ಏನಾಗೈತಿ? ಸೋಮವಾರ ನಮ್ಮೂರ ಗುಡಿಗೆ ಬರ್ರಿ,” ಅಂದಳು.

ಹೋದೆ. ಸೆರಗನ್ನು ಮೂಗಿನ ಮೇಲೆ ಎಳೆದುಕೊಂಡು, ಸಾಲಿನ ಕೊನೆಗೆ ನಿಂತು, ನನ್ನ ಸರದಿ ಬಂದಾಗ ಪೂಜಾರಿಯ ಕಿವಿಯಲ್ಲಿ ಮೆಲ್ಲಗೆ ಹೇಳಿದೆ. ಅವರು ದೇವಿಗೆ ಕೇಳಿಸುವಂತೆ ಕೂಗಿ ಹೇಳಬೇಕು, ಅದು ಅಲ್ಲಿಯ ಪದ್ಧತಿ ಅಂತ ಅಜ್ಜಿ ನನಗೆ ಹೇಳಿರಲಿಲ್ಲ.

“ತಾಯಿ! ಆಸ್ಪತ್ರಿ ಏಳನೇ ಖೋಲಿ ಬಾಯಾರು ಬಂದಾರ! ಅವ್ವ ಸತ್ತಾಗಿಂದ ಅತ್ತಿಲ್ಲ, ನಿದ್ದಿ ಇಲ್ಲ! ಡಾಕ್ಟರ ಕಡೆ ಹೋಗಬೇಕೋ ಬ್ಯಾಡೋ, ಹೇಳು!”

ಗುಡಿಯಲ್ಲಿ ಇದ್ದವರೆಲ್ಲ ತಿರುಗಿದರು. ಅದರಲ್ಲಿ ಐದಾರು ಜನ ನನ್ನ ಖೋಲಿಯವರೇ. ಟ್ರ್ಯಾಕ್ಟರ್ ಡ್ರೈವರ್ ಮುಂದೆ ಬಂದು, “ಮುಚ್ಚಿ ಇಡಬಾರದ್ರಿ ಬಾಯಾರ, ಹೆಚ್ಚಾಗತೈತಿ,” ಅಂದ. ನನ್ನದೇ ಮಾತು. ಹಿಂದಿನಿಂದ ಯಾರೋ, “ಚಂಚಿ ನಿಮ್ಮ ಅವ್ವಂದ ಅಂತ ನಾವು ಈಗ ನಂಬತೇವ್ರಿ,” ಅಂದರು. ಅಷ್ಟು ಸಾಕಾಯಿತು. ಗರ್ಭಗುಡಿಯ ಹೊಸ್ತಿಲಲ್ಲಿ ಕುಸಿದು ಕೂತು, ವರ್ಷದ ಅಳು ಎಲ್ಲ ಅತ್ತೆ. ಮೂಗು ಒರೆಸಿಕೊಂಡು ತಲೆ ಎತ್ತಿದಾಗ ಹೂ ಬಲಕ್ಕೆ ಬಿದ್ದಿತ್ತು.

ಮರುದಿನ ಆರನೇ ಖೋಲಿಗೆ ಹೋದೆ. ಡಾಕ್ಟರು ಎಲ್ಲ ಕೇಳಿ, “ಒಂದು ವರ್ಷದಿಂದ ಹೀಗಿದೆ ಅಂತೀರಿ, ಪಕ್ಕದಲ್ಲೇ ಇದ್ದೀರಿ, ಮೊದಲೇ ಯಾಕೆ ಬರಲಿಲ್ಲ?” ಅಂದರು.

ಇನ್ನೇನು ಹೇಳಲಿ. “ದೇವಿ ಅಪ್ಪಣಿ ಆಗಿರಲಿಲ್ರಿ,” ಅಂದೆ.

ಅವರು ತಲೆ ಎತ್ತದೆ ಗುಳಿಗೆ ಬರೆದು, ಕೈ ರೂಢಿಯಂತೆ ಕೆಳಗೆ ಇನ್ನೊಂದು ಸಾಲು ಬರೆದರು: ‘ಆಪ್ತಸಮಾಲೋಚನೆಗೆ ಏಳನೇ ಕೋಣೆ.’

ಚೀಟಿ ಹಿಡಿದು ಏಳನೇ ಖೋಲಿಗೆ ಬಂದರೆ ಅಜ್ಜಿ ತನ್ನ ಸರದಿಗೆ ಕಾದು ಕೂತಿದ್ದಳು. ಚೀಟಿ ಓದಿ ಹೇಳಿದೆ. ಅವಳು ಎದ್ದು ಮೇಜಿನ ಆ ಕಡೆ ಹೋಗಿ ನನ್ನ ಕುರ್ಚಿಯಲ್ಲಿ ಕಾಲು ಮಡಚಿ ಕೂತು, “ಬರ್ರಿ, ಕುಂದರ್ರಿ. ನಿಮ್ಮ ಅವ್ವ ಹೆಂಗಿದ್ಳು ಹೇಳ್ರಿ,” ಅಂದಳು.

ಒಂದು ತಾಸು ಹೇಳಿದೆ. ಅವಳು ನಡುವೆ ಒಂದು ಮಾತೂ ಆಡಲಿಲ್ಲ. ಚಂಚಿ ತೆಗೆದು ತೋರಿಸಿದೆ. ಅವಳು ಒಂದು ಅಡಿಕೆ ಕತ್ತರಿಸಿ ಅರ್ಧ ನನ್ನ ಕೈಗಿಟ್ಟು, ಅರ್ಧ ತಾನು ಬಾಯಿಗೆ ಹಾಕಿಕೊಂಡಳು. ಎದೆ ಹಗುರಾಗಿತ್ತು. ಅವತ್ತು ಬಹಳ ದಿನದ ಮೇಲೆ ಹಸಿವಾಯಿತು.

ಏಳುವಾಗ ಅಜ್ಜಿ ಸೊಂಟ ಹಿಡಿದುಕೊಂಡು, “ಏನರ ಉಪಯೋಗ ಆತೇನ್ರಿ?” ಅಂತ ಕೇಳಿದಳು.

“ಇನ್ನೂ ಎಡಕ್ಕೂ ಬಿದ್ದಿಲ್ಲ, ಬಲಕ್ಕೂ ಬಿದ್ದಿಲ್ಲಬೇ,” ಅಂದೆ. “ನಾಳೆ ಮತ್ತ ಬರ್ರಿ.”